ಶೇಖರ್ ಸಾಹೇಬರ ಐದು ಗಂಟೆ

ಕಚೇರಿಯಲ್ಲಿ ವಿಕ್ರಮ್ ತನ್ನ ಬಡ್ತಿಗೆ ಹಂಚಿದ ಕಾಜು ಕತ್ಲಿಯ ಡಬ್ಬಿಯನ್ನು ಲಾವಣ್ಯಾ ಊಟದ ಮೇಜಿನ ಮೇಲಿಟ್ಟಳು. ಚಪ್ಪಲಿ ಬಿಟ್ಟು, ಹೆಗಲ ಚೀಲವನ್ನು ಕುರ್ಚಿಗೆ ನೇತುಹಾಕಿ, ಮುಖಕ್ಕೂ ನೀರು ಹಾಕಿಕೊಳ್ಳದೆ ಅಡುಗೆಮನೆಗೆ ಹೋಗಿ ಬೇಳೆ ತೊಳೆದಳು. ದಿಲ್ಲಿಯ ಮಯೂರ್ ವಿಹಾರದ ಆ ಸೊಸೈಟಿಯ ಮೂರನೇ ಮಹಡಿಯ ಮನೆಯಲ್ಲಿ ಆಕೆ ಕಚೇರಿಯಿಂದ ಬಂದ ಹತ್ತು ನಿಮಿಷಕ್ಕೆ ಕುಕ್ಕರ್ ಒಲೆ ಏರಬೇಕು. ಆ ದಿನವೂ ಏರಿತು.

ಮೊದಲು ಡಬ್ಬಿ ಬಿಚ್ಚಿದವರು ಮಾವ ಇಂದುಶೇಖರರು. ಸಕ್ಕರೆ ಕಾಯಿಲೆಯಿದ್ದರೂ ಸಕ್ಕರೆಯ ಮೇಲೆ ಅವರಿಗೆ ದ್ವೇಷವಿರಲಿಲ್ಲ.

"ಏನಮ್ಮ ವಿಶೇಷ?"

"ವಿಕ್ರಮ್‌ಗೆ ಪ್ರಮೋಷನ್ ಆಯ್ತು ಮಾವ. ಸೆಕ್ಷನ್ ಆಫೀಸರ್."

"ಅಚ್ಛಾ. ನಿನ್ನ ಜೊತೆ ಸೇರಿದ ಹುಡುಗ ಅಲ್ವಾ? ಒಂದೇ ದಿನ ಸೇರಿದ್ರಿ. ಹಾಗಾದ್ರೆ ನಿಂದೂ ಆಗಿರ್ಬೇಕಲ್ಲ."

"ನಂದಾಗಲಿಲ್ಲ."

"ಯಾಕೆ?"

ಲಾವಣ್ಯಾ ಸೌಟು ಕೆಳಗಿಟ್ಟು ಹೊರಗೆ ಬಂದಳು. "ನಾನು ಸೆಷನ್ ಡ್ಯೂಟಿ ಮಾಡಿಲ್ಲ ಅಂತ."

ಇಂದುಶೇಖರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಲಾವಣ್ಯಾ ಕೆಲಸ ಮಾಡುವ ಕೇಂದ್ರ ಸರ್ಕಾರದ ಮಂಡಳಿಯಲ್ಲೇ ಅವರು ಜೀವಮಾನವಿಡೀ ದುಡಿದು, ಅಧೀನ ಕಾರ್ಯದರ್ಶಿಯಾಗಿ ನಿವೃತ್ತರಾದವರು. ಸಂಸತ್ತಿನ ಅಧಿವೇಶನ ನಡೆಯುವಾಗ ಸದಸ್ಯರ ಪ್ರಶ್ನೆಗಳು ಸಂಜೆಗೆ ಬರುತ್ತವೆ, ಬೆಳಗಾಗುವುದರೊಳಗೆ ಉತ್ತರ ಸಿದ್ಧವಿರಬೇಕು. ಅದಕ್ಕಾಗಿ ಕೂತವರಿಗೆ ದಿನಕ್ಕಿಷ್ಟು ಎಂದು ಗೌರವಧನ ಬೇರೆ ಸಿಗುತ್ತದೆ. ಅದಕ್ಕಿಂತ ದೊಡ್ಡದು ವರ್ಷದ ಕೊನೆಯಲ್ಲಿ ಮೇಲಧಿಕಾರಿ ಬರೆಯುವ ವರದಿಯಲ್ಲಿ ಬೀಳುವ 'ಅತ್ಯುತ್ತಮ' ಎಂಬ ಮಾತು, ಅದು ಬಿದ್ದವರಿಗೆ ಬಡ್ತಿ. ಮಂಡಳಿಯ ಹೆಂಗಸರು ಮಾತ್ರ ಅಧಿವೇಶನವಿದ್ದರೂ ಐದಕ್ಕೆ ಮನೆಗೆ ಹೊರಡಬಹುದು, ಅವರ ಹೆಸರು ಡ್ಯೂಟಿ ಪಟ್ಟಿಗೆ ಹತ್ತುವುದಿಲ್ಲ. ಹಾಗೆಂದು ಆದೇಶವೇನೂ ಇಲ್ಲ. ಹಳೆಯ ವಾಡಿಕೆ.

"ಅದೊಂದಕ್ಕೇ ಬಡ್ತಿ ತಡೆದ್ರಾ?"

"ಹೂಂ. ಡ್ಯೂಟಿ ಹಾಕಿ ಅಂತ ಕೇಳಿದೆ ಮಾವ. ಈಗ ಪಟ್ಟಿ ಮಾಡೋ ಭಟ್ನಾಗರ್ ಸರ್ ನಕ್ಕರು. ಇದು ನಿಮ್ಮ ಮಾವನೇ ಹಾಕಿಕೊಟ್ಟ ಪದ್ಧತಿ, ಮುರಿಯೋಕೆ ನಾನ್ಯಾರು ಅಂದ್ರು. ಅದಕ್ಕೊಂದು ಹೆಸರೂ ಇದೆ ಆಫೀಸಲ್ಲಿ. ಶೇಖರ್ ಸಾಹೇಬರ ಐದು ಗಂಟೆ ಅಂತಾರೆ."

ನಿಜ ಹೇಳಬೇಕೆಂದರೆ ಇಂದುಶೇಖರರಿಗೆ ಮೊದಲು ಆದದ್ದು ಸಂತೋಷ. ನಿವೃತ್ತರಾಗಿ ಎಷ್ಟು ವರ್ಷ ಕಳೆದರೂ ಆ ಕಟ್ಟಡದಲ್ಲಿ ತಮ್ಮ ಹೆಸರು ಓಡಾಡುತ್ತಿದೆ. ಅದೇ ಹುಮ್ಮಸ್ಸಿನಲ್ಲಿ ಇನ್ನೊಂದು ಕತ್ಲಿ ಬಾಯಿಗಿಟ್ಟರು. ಸೊಸೆಯ ಮುಖ ನೋಡಿದ ಮೇಲೆ ಅದನ್ನು ಅಗಿಯುವುದು ಕಷ್ಟವಾಯಿತು.

"ಚಳಿಗಾಲದ ಸೆಷನ್ ಮುಂದಿನ ತಿಂಗಳು. ಇದರಲ್ಲಿ ನನ್ನ ಹೆಸರಿದ್ರೆ ಮುಂದಿನ ಖಾಲಿ ಜಾಗಕ್ಕೆ ನನ್ನನ್ನ ನೋಡ್ತಾರೆ. ತಪ್ಪಿದ್ರೆ ಇನ್ನೆಷ್ಟು ವರ್ಷವೋ. ಶೇಖರ್ ಸಾಹೇಬರು ಒಂದು ಫೋನ್ ಮಾಡಿ ಹೇಳಿದ್ರೆ ಹಾಕ್ತೀನಿ ಅಂದಿದ್ದಾರೆ ಮಾವ."

"ಆಗಲ್ಲ."

"ಯಾಕೆ ಅಂತ ಹೇಳಿ."

"ಕತ್ತಲಾದ ಮೇಲೆ ಹೆಣ್ಣುಮಕ್ಕಳನ್ನ ಆಫೀಸಲ್ಲಿ ಕೂರಿಸಬಾರದು ಅಂತ ಮಾಡಿದ್ದು ಅದು. ನನ್ನ ಮನೆ ಹೆಣ್ಣುಮಗಳಿಗೋಸ್ಕರ ನಾನೇ ಅದನ್ನ ಮುರೀಲಾ? ದಿಲ್ಲಿ ಕತ್ತಲೆ ನಿನಗೆ ಗೊತ್ತಿಲ್ಲಮ್ಮ."

"ಮಾವ, ಈಗ ಅಲ್ಲಿ..."

ಅವರು ಎದ್ದು ಬಾಲ್ಕನಿಗೆ ಹೋದರು. ಕುಕ್ಕರ್ ಕೂಗಿತು. ಲಾವಣ್ಯಾ ಒಳಗೆ ಹೋದಳು.

ಅತ್ತೆ ವಸಂತಿ ದಿವಾನದ ಮೇಲೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಅವರೂ ಅದೇ ಮಂಡಳಿಯಲ್ಲಿ ಸ್ಟೆನೋಗ್ರಾಫರ್ ಆಗಿದ್ದವರು. ಸ್ಟೆನೋಗ್ರಾಫರ್ ಆಗಿಯೇ ಸೇರಿ, ಹೆಚ್ಚುಕಡಿಮೆ ಹಾಗೆಯೇ ಹೊರಬಂದವರು. ತಿಂಗಳ ಮೊದಲಿಗೆ ಇಬ್ಬರ ಪೆನ್ಷನ್ ಬರುತ್ತದೆ. ಅವರದು ಗಂಡನದರ ಅರ್ಧವೂ ಇಲ್ಲ. ಇಂದುಶೇಖರರು ಅದಕ್ಕೆ 'ವಸಂತಿಯ ಪಾಕೆಟ್ ಮನಿ' ಎಂದು ಹೆಸರಿಟ್ಟಿದ್ದರು. ಪ್ರೀತಿಯಿಂದಲೇ ಇಟ್ಟ ಹೆಸರು, ಎಲ್ಲರೂ ನಗುತ್ತಿದ್ದರು. ಆ ಸಂಜೆ ವಸಂತಿ ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸಿದರು.

ಮಗ, ಲಾವಣ್ಯಾಳ ಗಂಡ ಸಾತ್ವಿಕ್ ನೋಯ್ಡಾದ ಕಂಪನಿಯಿಂದ ಬರುವಾಗ ಎಂಟೂವರೆ. ಅವನು ಒಳ್ಳೆಯವನು. ಯಾವುದಕ್ಕೂ ಬೇಡ ಅನ್ನುವವನಲ್ಲ, ಯಾವುದನ್ನೂ ಮೈಮೇಲೆ ಹಾಕಿಕೊಳ್ಳುವವನೂ ಅಲ್ಲ.

"ಡ್ಯೂಟಿ ಮಾಡು ಲಾವಣ್ಯಾ, ನಾನೇನು ಬೇಡ ಅಂದ್ನಾ?" ಎಂದ, ಚಪಾತಿಯಲ್ಲಿ ಪಲ್ಯ ಸುತ್ತುತ್ತ.

"ಬೇಡ ಅನ್ನಲಿಲ್ಲ. ಕುಕ್ಕರ್ ಯಾರು ಇಡ್ತಾರೆ ಅಂತಾನೂ ಕೇಳಲಿಲ್ಲ."

"ಜ಼ೊಮ್ಯಾಟೊ ಇದೆಯಲ್ಲ."

"ಅತ್ತೆಗೆ ಹೋಟೆಲ್ ಎಣ್ಣೆ ಆಗಲ್ಲ, ಮಾವನಿಗೆ ಮೈದಾ ಆಗಲ್ಲ, ಧಾರಿಣಿಗೆ ಹೋಮ್‌ವರ್ಕ್ ಇರುತ್ತೆ. ಅದು ಯಾವ ಆ್ಯಪಲ್ಲಿ ಬರುತ್ತೆ ಹೇಳು."

ನಾಲ್ಕನೇ ಕ್ಲಾಸಿನ ಮಗಳು ಧಾರಿಣಿ ತಲೆಯೆತ್ತಿದಳು. "ತಾತ, ಪಾಪಾ ಭೀ ತೋ ಕತ್ತಲಾದ್ಮೇಲೆ ಬರ್ತಾರೆ. ಅವರಿಗೆ ಡರ್ ನಹೀಂ ಲಗ್ತಾ, ಭಯ ಆಗಲ್ವಾ?"

"ನೀನು ಮೊಸರನ್ನ ತಿನ್ನು," ಎಂದರು ಇಂದುಶೇಖರರು.

ಮುಂದಿನ ದಿನಗಳಲ್ಲಿ ಮನೆಯಲ್ಲಿ ಜಗಳ ಎನ್ನುವಂಥದ್ದೇನೂ ನಡೆಯಲಿಲ್ಲ. ದೀಪಾವಳಿ ಬಂತು, ಹೋಯಿತು. ಹೋಗುವಾಗ ಊರಿಗೆಲ್ಲ ಹೊಗೆ ಬಿಟ್ಟು ಹೋಯಿತು. ಕಿಟಕಿ ಮುಚ್ಚಿಕೊಂಡು ಎಲ್ಲರೂ ಒಳಗೇ ಇರಬೇಕಾಯಿತು. ಸೊಸೆ ಮಾವನಿಗೆ ಹೊತ್ತಿಗೆ ಸರಿಯಾಗಿ ಕಾಫಿ ಕೊಡುತ್ತಿದ್ದಳು, ಸಕ್ಕರೆಯಿಲ್ಲದೆ, ಮಾತಿಲ್ಲದೆ. ಮೊದಲೆಲ್ಲ ಆ ಹೊತ್ತಿಗೆ ಅವರಿಬ್ಬರೂ ಕಚೇರಿಯ ಸುದ್ದಿ ಆಡುತ್ತಿದ್ದರು. ಯಾವ ಫೈಲು ಎಲ್ಲಿ ಕೂತಿದೆ, ಯಾರು ಯಾರ ಮೇಲೆ ಟಿಪ್ಪಣಿ ಬರೆದರು, ಕ್ಯಾಂಟೀನಿನ ಸಮೋಸಾ ಈಗಲೂ ಹಾಗೇ ಇದೆಯೆ. ಓಲ್ಡ್ ರಾಜಿಂದರ್ ನಗರದ ಕಿಟಕಿಯಿಲ್ಲದ ರೂಮಿನಲ್ಲಿ ಓದಿ, ಐಎಎಸ್ ಪರೀಕ್ಷೆ ಕೈಕೊಟ್ಟಾಗ ಈ ಕೆಲಸ ಹಿಡಿದ ದಾವಣಗೆರೆಯ ಹುಡುಗಿಯನ್ನು ಮಗನಿಗೆ ತಂದುಕೊಂಡಾಗ, ತಮ್ಮದೇ ಕಚೇರಿಯವಳು ಎಂದು ಅತಿ ಹೆಚ್ಚು ಹಿಗ್ಗಿದವರು ಅವರೇ. ಈಗ ಬಾಲ್ಕನಿಯಲ್ಲಿ ಒಬ್ಬರೇ ಕೂತು ಕಾಫಿ ಕುಡಿಯುವಾಗ ಅವರಿಗೆ ಬಹಳ ಬೇಸರವಾಗುತ್ತಿತ್ತು.

"ಅವಳಿಗೆ ಆಗಿನ ಕಾಲ ಗೊತ್ತಿಲ್ಲ," ಎಂದು ಒಂದು ಬೆಳಗ್ಗೆ ಹೆಂಡತಿಯ ಹತ್ತಿರ ಅಂದರು. "ಅಮಿತಾನ ಊಟಕ್ಕೆ ಕರೀತೀನಿ. ಅವಳ ಬಾಯಲ್ಲೇ ಕೇಳಲಿ."

"ಕರೀರಿ," ಎಂದರು ವಸಂತಿ. "ಅಮಿತಾನ ನೋಡಿ ಬಹಳ ದಿನ ಆಯ್ತು."

ಅಮಿತಾ ಇಂದುಶೇಖರರ ಸೆಕ್ಷನ್ನಿನಲ್ಲಿ ಕೆಲಸ ಮಾಡುತ್ತಿದ್ದ ದಿಲ್ಲಿಯ ಹೆಣ್ಣುಮಗಳು. ಈಗ ನಿವೃತ್ತರಾಗಿ ಹತ್ತಿರದ ಪಟ್ಪಡ್‌ಗಂಜ್‌ನಲ್ಲಿ ತಂಗಿಯ ಜೊತೆಗಿದ್ದರು. ಐದು ಗಂಟೆಯ ಪದ್ಧತಿ ಶುರುವಾದದ್ದೇ ಅವರಿಂದ. ಬಹಳ ಹಿಂದಿನ ಒಂದು ಚಳಿಗಾಲ, ಅಧಿವೇಶನದ ಕೆಲಸ ಮುಗಿಸಿ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಕಾರಿನಲ್ಲಿ ಬಂದ ಇಬ್ಬರು ಕೈಹಿಡಿದು ಎಳೆದಿದ್ದರು. ಅಮಿತಾ ಕೊಸರಿಕೊಂಡು ಓಡಿ, ಬಿದ್ದು, ಮಾರನೆಯ ದಿನ ಕೈಗೆ ಬ್ಯಾಂಡೇಜು ಕಟ್ಟಿಕೊಂಡೇ ಕೆಲಸಕ್ಕೆ ಬಂದಿದ್ದರು. ಇಂದುಶೇಖರರು ಮೇಲಧಿಕಾರಿಯ ಕೋಣೆಗೆ ನುಗ್ಗಿ, ಇನ್ನು ಮೇಲೆ ನನ್ನ ಸೆಕ್ಷನ್ನಿನ ಹೆಂಗಸರು ಐದರ ಮೇಲೆ ಇಲ್ಲಿರುವುದಿಲ್ಲ, ಬೇಕಾದರೆ ನನ್ನನ್ನು ವರ್ಗ ಮಾಡಿ ಎಂದಿದ್ದರು. ಉಳಿದ ಸೆಕ್ಷನ್ನುಗಳೂ ಅದನ್ನೇ ಹಿಡಿದವು. ಮಂಡಳಿಯ ಹೆಂಗಸರೆಲ್ಲ ಸೇರಿ ಅವರಿಗೆ ಲಡ್ಡುವಿನ ಡಬ್ಬಿ ಕೊಟ್ಟಿದ್ದರು. ತಮ್ಮ ಜೀವನದಲ್ಲಿ ತಾವು ಧೈರ್ಯ ಮಾಡಿದ ದಿನ ಅದೊಂದೇ ಎಂದು ಅವರು ನಂಬಿಕೊಂಡಿದ್ದರು. ಆ ಧೈರ್ಯ ಸುಳ್ಳಲ್ಲ.

ಭಾನುವಾರ ವಸಂತಿ ಕೂತಲ್ಲೇ ಮೆಂತ್ಯದ ಸೊಪ್ಪು ಬಿಡಿಸಿದರು, ಲಾವಣ್ಯಾ ಮೂಲಂಗಿ ಹುಳಿ, ಚಿತ್ರಾನ್ನ ಮಾಡಿದಳು. ಅಮಿತಾ ಗಜ್ಜರಿ ಹಲ್ವ ಹಿಡಿದು ಬಂದರು. ಎರಡನೇ ಸಲ ಹುಳಿ ಬಡಿಸಿದ ಮೇಲೆ ಇಂದುಶೇಖರರು ಗಂಟಲು ಸರಿಮಾಡಿಕೊಂಡು, ಹಿಂದಿಯಲ್ಲಿ, "ಅಮಿತಾ, ಆ ರಾತ್ರಿ ಏನಾಯ್ತು ಅಂತ ನನ್ನ ಸೊಸೆಗೆ ಹೇಳು," ಎಂದರು.

ಅಮಿತಾ ಹೇಳಿದರು. ಬಸ್ ಸ್ಟಾಪು, ಕಾರು, ಕೈ, ಎಲ್ಲವನ್ನೂ. ಲಾವಣ್ಯಾ ಬಡಿಸುವುದನ್ನು ಬಿಟ್ಟು ಅವರ ಪಕ್ಕ ಕೂತಳು.

"ಆಮೇಲೆ?" ಎಂದು ಇಂದುಶೇಖರರು ಹುಬ್ಬೇರಿಸಿದರು. "ಆಮೇಲೆ ನಾನೇನು ಮಾಡಿದೆ ಹೇಳು."

ಅಮಿತಾ ಇಂದುಶೇಖರರ ಕಡೆ ತಿರುಗಿದರು. "ಶೇಖರ್ ಜೀ, ನಾನು ನಿಮ್ಮ ಹತ್ರ ಏನು ಕೇಳಿದ್ದೆ ನೆನಪಿದೆಯಾ?"

"ಏನು?"

"ಗಾಡಿ ಕೇಳಿದ್ದೆ. ಸೆಷನ್ ದಿನ ಮನೆಗೆ ಬಿಡೋಕೆ ಒಂದು ಗಾಡಿ ಕೊಡಿಸಿ ಅಂತ. ನೀವು ಗಾಡಿ ಕೊಡಿಸಲಿಲ್ಲ. ನನ್ನ ಹೆಸರು ತೆಗೆಸಿದ್ರಿ."

ಇಂದುಶೇಖರರ ಕೈಯಲ್ಲಿದ್ದ ತುತ್ತು ತಟ್ಟೆಗೆ ಮರಳಿತು.

"ಬೇಜಾರು ಮಾಡ್ಕೋಬೇಡಿ," ಎಂದರು ಅಮಿತಾ. "ನನಗೋಸ್ಕರ ಆಗ ಬಾಯಿಬಿಟ್ಟು ಮಾತಾಡಿದವರು ನೀವೊಬ್ಬರೇ. ಆ ಉಪಕಾರ ಮರೆಯಲ್ಲ. ಅಪ್ಪ ಹೋಗಿದ್ರು, ತಂಗಿ ಓದ್ತಾ ಇದ್ಲು. ಆ ಸೆಷನ್ ದುಡ್ಡು ನಿಂತಾಗ ಬಹಳ ಕಷ್ಟ ಆಯ್ತು. ಲಡ್ಡು ಡಬ್ಬಿಗೆ ನಾನೂ ಪಾಲು ಹಾಕಿದ್ದೆ. ಆಗ ಯಾರ ಹತ್ರ ಹೇಳೋದು ಇದನ್ನ?" ಎಂದು ನಕ್ಕು, ಚಿತ್ರಾನ್ನ ಚೆನ್ನಾಗಿದೆ, ಇನ್ನೊಂದು ಸ್ವಲ್ಪ ಹಾಕಮ್ಮ ಎಂದು ತಟ್ಟೆ ಚಾಚಿದರು.

ಲಾವಣ್ಯಾ ಬಡಿಸುತ್ತಲೇ ಮೆಲ್ಲಗೆ ಹೇಳಿದಳು. "ಈಗ ಗಾಡಿ ಇದೆ ಮಾವ. ಸೆಷನ್‌ಗೆ ಕೂತವರನ್ನ ಮನೆವರೆಗೂ ಬಿಡ್ತಾರೆ. ವಿಕ್ರಮ್‌ನ ಇಂದಿರಾಪುರಂಗೆ ಬಿಡೋ ಗಾಡಿ ನಮ್ಮ ಸೊಸೈಟಿ ಗೇಟ್ ಮುಂದೇನೇ ಹೋಗೋದು. ಅವತ್ತು ಹೇಳೋಕೆ ಬಂದೆ, ನೀವು ಎದ್ದು ಹೋದ್ರಿ."

ಅಮಿತಾರನ್ನು ಆಟೋ ಹತ್ತಿಸಿ ಬಂದು ಇಂದುಶೇಖರರು ತಮ್ಮ ಕುರ್ಚಿಯಲ್ಲಿ ಕೂತರು. ಯಾರಾದರೂ ತಮ್ಮ ಪರವಾಗಿರಲಿ ಎಂಬಂತೆ ಹೆಂಡತಿಯ ಕಡೆ ತಿರುಗಿದರು. "ನಿನಗಾದ್ರೂ ಅನುಕೂಲ ಆಯ್ತಲ್ಲ ವಸಂತಿ. ಐದಕ್ಕೆ ಬಂದು ಮಗು ನೋಡ್ಕೊಂಡೆ."

ವಸಂತಿ ಮೆಂತ್ಯದ ಕಡ್ಡಿಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದರು.

"ಒಂದು ವರ್ಷ ಪ್ರೈವೇಟ್ ಸೆಕ್ರೆಟರಿ ಪೋಸ್ಟ್ ಖಾಲಿ ಆಗಿತ್ತು, ನಮ್ಮಂಥ ಸ್ಟೆನೋಗಳಿಗೆ ಬಡ್ತಿ, ನೆನಪಿದೆಯಾ? ಆ ಸೆಷನ್‌ಗೆ ಯಾರ್ಯಾರು ಕೂರ್ತಾರೆ ಅಂತ ಪಟ್ಟಿ ಟೈಪ್ ಮಾಡೋಳು ನಾನೇ ಅಲ್ವಾ. ಕೊನೇಲಿ ನನ್ನ ಹೆಸರೂ ಟೈಪ್ ಮಾಡಿದ್ದೆ. ನೀವು ಕೆಂಪು ಇಂಕಲ್ಲಿ ಹೊಡೆದು ವಾಪಸ್ ಕಳಿಸಿದ್ರಿ."

"ಹೆಂಡತಿಗೆ ಹೆಚ್ಚಿನ ದುಡ್ಡು ಕೊಡಿಸ್ತಾನೆ ಅಂತ ಜನ ಆಡ್ಕೊಳ್ಳೋರು ಕಣೇ."

"ಗೊತ್ತು. ಅದಕ್ಕೇ ಹೊಡೆದ್ರಿ ಅಂತ ಗೊತ್ತಿತ್ತು. ನಾನೇನಾದ್ರೂ ಕೇಳಿದ್ನಾ? ನನ್ನ ಹೆಸರು ಬಿಟ್ಟು ಮತ್ತೆ ಫೇರ್ ಟೈಪ್ ಮಾಡಿ ತಂದುಕೊಟ್ಟೆ. ನೀವು ಸೈನ್ ಮಾಡಿದ್ರಿ." ಅವರು ಪೇಪರಿನ ಪೊಟ್ಟಣ ಮಡಚಿದರು. "ಪಾಕೆಟ್ ಮನಿ ಅಂತ ಮಾತ್ರ ಇನ್ಮೇಲೆ ಅನ್ನಬೇಡಿ. ನಗೋಕೆ ಆಗ್ತಾ ಇಲ್ಲ ಈಗೀಗ."

ಕೋಪ ಮಾಡಿಕೊಂಡು ಅಂದಿದ್ದರೆ ಇಂದುಶೇಖರರು ಎದುರು ಮಾತಾಡಬಹುದಿತ್ತು. ವಸಂತಿ ಕಸದ ಬುಟ್ಟಿಗೆ ಕಡ್ಡಿ ಹಾಕಿ, ಮಂಡಿ ಹಿಡಿದುಕೊಂಡು ಮಲಗಲು ಹೋದರು.

ಮೂರು ನಾಲ್ಕು ದಿನ ಕಳೆದವು. ಅಧಿವೇಶನದ ದಿನಾಂಕ ಪತ್ರಿಕೆಯಲ್ಲಿ ಬಂತು. ಲಾವಣ್ಯಾ ಮತ್ತೆ ಕೇಳಲಿಲ್ಲ. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಒಂದು ದಿನ ಅತ್ತಳು. ಹೊರಗೆ ಬಂದು ಧಾರಿಣಿಯ ಜಡೆ ಹೆಣೆದಳು. ಕೆಂಪಾದ ಕಣ್ಣು ಕಂಡವರು ವಸಂತಿ, ಅಳು ಕೇಳಿಸಿಕೊಂಡವರು ಇಂದುಶೇಖರರು.

ಆ ಮಧ್ಯಾಹ್ನ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು. "ವಸಂತಿ, ಒಂದು ಲೋಟ ಬೇಳೆಗೆ ನೀರು ಎಷ್ಟು?"

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಗಂಡ ಕೇಳಿರದ ಪ್ರಶ್ನೆ ಅದು. ವಸಂತಿಗೆ ಅರ್ಥವಾಯಿತು. ಅವರು ನಗಲಿಲ್ಲ, ಆಶ್ಚರ್ಯವನ್ನೂ ತೋರಿಸಲಿಲ್ಲ. "ಮೂರು ಲೋಟ. ಅರಿಶಿನ ಚಿಟಿಕೆ. ವಿಷಲ್ ಸರಿಯಾಗಿ ಕೂತಿದೆಯಾ ನೋಡಿ," ಎಂದರು.

ಆ ದಿನದ ಸಾರು ಉಪ್ಪಿನ ಕಷಾಯ. ಮರುದಿನ ಉಪ್ಪೇ ಇಲ್ಲ. ಮೂರನೆಯ ದಿನ ಒಗ್ಗರಣೆಯ ಸಾಸಿವೆ ಕಪ್ಪಾಯಿತು. ಸಾತ್ವಿಕ್ ಎರಡು ದಿನ ಸುಮ್ಮನೆ ತಿಂದು ಮೂರನೆಯ ದಿನ, "ಅಪ್ಪ, ನಾನೇ ಬೇಗ ಬಂದು ಅನ್ನ ಪಲ್ಯ ಮಾಡ್ತೀನಿ, ನೀವು ಬರೀ ಸಾರು ಮಾಡಿ," ಎಂದ. ಅದು ಅಪ್ಪನ ಮೇಲಿನ ಕನಿಕರವೋ, ತನ್ನ ನಾಲಿಗೆಯ ಮೇಲಿನದೋ, ಅಂತೂ ಅವನ ಬಾಯಿಂದ ಒಂದು ಕೆಲಸ ಹೊರಬಿತ್ತು. ಪಾತ್ರೆಯನ್ನೂ ನೀನೇ ತೊಳಿ ಎಂದು ವಸಂತಿ ಅಲ್ಲೇ ಸೇರಿಸಿಬಿಟ್ಟರು.

ಸಾರು ಬಾಯಿಗಿಡುವಂತಾದ ದಿನ ಇಂದುಶೇಖರರು ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಕುರ್ಚಿಯಲ್ಲಿ ನೆಟ್ಟಗೆ ಕೂತು ಭಟ್ನಾಗರ್‌ಗೆ ಫೋನ್ ಮಾಡಿದರು. ಲಾವಣ್ಯಾ ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದಳು. ಹಿಂದಿಯಲ್ಲಿ ಕುಶಲ ವಿಚಾರಿಸಿದ ಮೇಲೆ ಅವರು ಅಂದರು:

"ನೋಡು ಭಟ್ನಾಗರ್, ನನ್ನ ಸೊಸೆ ಹೆಸರು ಹಾಕು ಅಂತ ಹೇಳೋಕೆ ಫೋನ್ ಮಾಡಿಲ್ಲ."

ಬಾಗಿಲ ಹತ್ತಿರ ಲಾವಣ್ಯಾಳ ಕೈ ಚಪ್ಪಲಿಯ ಮೇಲೇ ನಿಂತಿತು.

"ಒಬ್ಬಳ ಹೆಸರು ಹಾಕಿದ್ರೆ ಶೇಖರ್ ಸಾಹೇಬರ ಸೊಸೆಗೆ ಅಂತ ಆಗುತ್ತೆ. ಎಲ್ಲಾ ಹೆಣ್ಣುಮಕ್ಕಳನ್ನೂ ಕೂರಿಸಿ ಕೇಳು. ಇರ್ತೀನಿ ಅನ್ನೋರ ಹೆಸರು ಹಾಕು, ಹೋಗ್ತೀನಿ ಅನ್ನೋರನ್ನ ಕಳಿಸು. ಗಾಡಿ ಇದೆಯಂತಲ್ಲ, ಅದರಲ್ಲಿ ಅವರನ್ನೂ ಕೂರಿಸು."

ಆ ಕಡೆಯಿಂದ ಏನೋ ಕೇಳಿದರು.

"ಹೌದಪ್ಪ, ಆ ಐದು ಗಂಟೆ ಮಾಡಿದ್ದು ನಾನೇ. ಅದಕ್ಕೇ ಹೇಳ್ತಾ ಇರೋದು. ನನ್ನ ಹೆಸರು ಅದರಿಂದ ತೆಗೆದುಬಿಡು." ಫೋನ್ ಇಟ್ಟು, ಸೊಸೆಯ ಕಡೆ ನೋಡದೆ, "ಸಾರು ಆರಿಹೋಗುತ್ತೆ, ಕೈಕಾಲು ತೊಳ್ಕೊಂಡು ಬಾಮ್ಮ," ಎಂದರು.

ಲಾವಣ್ಯಾ ಕೈಕಾಲು ತೊಳೆಯದೆ ಬಂದು ಅವರ ಪಕ್ಕದ ಕುರ್ಚಿಯಲ್ಲಿ ಕೂತಳು. "ಕ್ಯಾಂಟೀನಲ್ಲಿ ಸಮೋಸಾ ಈಗ ಸಣ್ಣದಾಗಿದೆ ಮಾವ," ಎಂದಳು.

"ಮೊದಲೇ ದೊಡ್ಡದಿರಲಿಲ್ಲ," ಎಂದರು ಅವರು. ಇಬ್ಬರ ಕಣ್ಣೂ ಒದ್ದೆಯಾಗಿತ್ತು, ಧಾರಿಣಿ ಒಗ್ಗರಣೆ ಮೆಣಸಿನಕಾಯಿಯ ಘಾಟು ಎಂದುಕೊಂಡಳು.

ಅಧಿವೇಶನ ಶುರುವಾಯಿತು. ಭಟ್ನಾಗರ್ ಕೇಳಿದಾಗ ಹೆಂಗಸರಲ್ಲಿ ಅರ್ಧದಷ್ಟು ಜನ ಇರುತ್ತೇವೆ ಎಂದರು, ಉಳಿದವರು ಹೋಗುತ್ತೇವೆ ಎಂದರು. ಲಾವಣ್ಯಾಳ ಮೊದಲ ಸರದಿಯ ದಿನ ಇಂದುಶೇಖರರು ಸ್ಟೀಲ್ ಡಬ್ಬಿಗೆ ಸಾರನ್ನ, ಬೀನ್ಸ್ ಪಲ್ಯ ತುಂಬಿದರು. ಕ್ಯಾಂಟೀನಿನ ಸಮೋಸಾ ತಿಂದು ಹೊಟ್ಟೆ ಕೆಡಿಸಿಕೊಳ್ಳುವುದು ಬೇಡ, ನಾನೇ ಕೊಟ್ಟುಬರುತ್ತೇನೆ ಎಂದು ಮಫ್ಲರ್ ಸುತ್ತಿಕೊಂಡರು.

"ನಾನೂ ಬರ್ತೀನಿ," ಎಂದರು ವಸಂತಿ.

"ಮಂಡಿ?"

"ಮೆಟ್ರೋದಲ್ಲಿ ಲಿಫ್ಟ್ ಇದೆ."

ಧಾರಿಣಿಯನ್ನು ಸಾತ್ವಿಕ್‌ನ ಸುಪರ್ದಿಗೆ ಬಿಟ್ಟು ಇಬ್ಬರೂ ಹೊರಟರು. ಮಂಡಿ ಹೌಸ್ ನಿಲ್ದಾಣದಲ್ಲಿ ಮೆಟ್ರೋ ಬದಲಿಸಿ, ಕೇಂದ್ರೀಯ ಸಚಿವಾಲಯದ ನಿಲ್ದಾಣದಲ್ಲಿ ಇಳಿದು, ಕೈಹಿಡಿದುಕೊಂಡು ನಿಧಾನವಾಗಿ ನಡೆದು ಕಚೇರಿಯ ಗೇಟಿಗೆ ಬರುವಾಗ ಪೂರ್ತಿ ಕತ್ತಲಾಗಿತ್ತು. ಕಾವಲುಗಾರ ಒಳಗೆ ಬಿಡಲಿಲ್ಲ. ಇಂದುಶೇಖರರು ಸೊಸೆಗೆ ಫೋನ್ ಮಾಡಿ ಕೆಳಗೆ ಬರಹೇಳಿದರು.

ವಸಂತಿ ತಲೆಯೆತ್ತಿ ನಿಂತಿದ್ದರು. ಕಟ್ಟಡದ ಮೂರು ಮಹಡಿಗಳ ಕಿಟಕಿಗಳಲ್ಲೂ ದೀಪ ಉರಿಯುತ್ತಿತ್ತು. ಯಾರೋ ಫೈಲು ಹಿಡಿದು ಓಡಾಡುತ್ತಿದ್ದರು. ಒಂದು ಕಿಟಕಿಯಲ್ಲಿ ನಾಲ್ಕೈದು ಜನ ಚಹಾದ ಲೋಟ ಹಿಡಿದು ನಗುತ್ತಿದ್ದರು, ಅವರಲ್ಲೊಬ್ಬಳು ಹುಡುಗಿ.

"ನಮ್ಮ ರೂಮು ಯಾವುದ್ರಿ?"

"ಎರಡನೇ ಮಹಡಿ, ಎಡಗಡೆಯಿಂದ ಕೊನೇದು. ಅಷ್ಟು ವರ್ಷ ಕೂತಿದ್ದೀಯ, ಗೊತ್ತಾಗಲ್ವಾ?"

"ದೀಪ ಹಾಕಿದ ಮೇಲೆ ನೋಡೇ ಇಲ್ಲವಲ್ಲ." ಅವರು ಆ ಕಿಟಕಿಯನ್ನೇ ನೋಡುತ್ತಿದ್ದರು. "ಸಂಜೆ ಮೇಲೆ ಅಲ್ಲಿ ಏನಿದೆ, ಬರೀ ಧೂಳು, ಬೇಜಾರು ಅಂತ ದಿನಾ ಬಂದು ಹೇಳ್ತಿದ್ರಿ."

ಇಂದುಶೇಖರರು ಮಫ್ಲರ್ ಬಿಚ್ಚಿ ಹೆಂಡತಿಯ ಕಿವಿ ಮುಚ್ಚುವಂತೆ ಸುತ್ತಿದರು.

ಲಾವಣ್ಯಾ ಓಡುತ್ತ ಬಂದಳು. ಕೊರಳಲ್ಲಿ ಗುರುತಿನ ಚೀಟಿ, ಬೆರಳಿಗೆ ಇಂಕು, ಮುಖದ ತುಂಬ ಗಡಿಬಿಡಿ. "ಮಾವ, ಒಂದೇ ದಿನ ಎಂಟು ಪ್ರಶ್ನೆ ಬಂದಿದೆ," ಎಂದು ಹಬ್ಬದ ಸುದ್ದಿ ಹೇಳುವವಳಂತೆ ಹೇಳಿ ಡಬ್ಬಿ ಈಸಿಕೊಂಡಳು. ಆಮೇಲೆ ಅತ್ತೆಯನ್ನು ನೋಡಿ ಗಾಬರಿಯಾದಳು. "ಅತ್ತೆ, ಈ ಚಳೀಲಿ ನೀವ್ಯಾಕೆ ಬಂದ್ರಿ? ಕತ್ತಲಾಯ್ತು. ಹೊರಡಿ, ಮನೆಗೆ ಹೋಗಿ."

"ಐದಕ್ಕೆ ಮನೆಗೆ ಹೋಗಿ ಹೋಗಿ ಸಾಕಾಗಿದೆ ಕಣೇ," ಎಂದರು ವಸಂತಿ, ಕಿಟಕಿಯಿಂದ ಕಣ್ಣು ತೆಗೆಯದೆ. "ನೀನು ಹೋಗಿ ಕೆಲಸ ನೋಡು. ನಾನು ಇನ್ನೊಂದು ಸ್ವಲ್ಪ ಹೊತ್ತು ಇದ್ದು ಬರ್ತೀನಿ."